ಆಪರೇಷನ್ ಹೊಟ್ಟೆಗೆ, ಫೋಟೋ ಮಾತ್ರ ಎದೆಗೆ!

ಹರ್ನಿಯಾ ಅಂತ ಆಸ್ಪತ್ರೆಗೆ ಹೋದರೆ ಕೈಗೊಂದು ಚೀಟಿ ಬರುತ್ತದೆ. ರಕ್ತ, ಮೂತ್ರ, ಇ.ಸಿ.ಜಿ., ಅದರ ಕೆಳಗೆ ಚೆಸ್ಟ್ ಎಕ್ಸ್‌ರೇ. ಚೀಟಿ ಹಿಡಿದು ಲ್ಯಾಬಿಗೆ, ಅಲ್ಲಿಂದ ಕ್ಯಾಷ್ ಕೌಂಟರಿಗೆ, ಅಲ್ಲಿಂದ ಎಕ್ಸ್‌ರೇ ಕೋಣೆಗೆ ಓಡಾಟ. ಅಂಗಡಿ ಬಾಗಿಲು ಹಾಕಿ ಬಂದವರಿಗೆ ಅವತ್ತಿನ ವ್ಯಾಪಾರ ಖೋತಾ. ಹಳ್ಳಿಯಿಂದ ಬಂದವರಿಗೆ ಸಾಯಂಕಾಲದ ಬಸ್ಸು ತಪ್ಪಿತು. ಸಾಲಿನಲ್ಲಿ ನಿಂತವರು ಗೊಣಗುವುದು ಒಂದೇ ಮಾತು: ಆಪರೇಷನ್ ಹೊಟ್ಟೆಗೆ, ಎದೆ ಫೋಟೋ ಯಾತಕ್ಕೆ ಸ್ವಾಮಿ?

ಪ್ರಶ್ನೆ ತಪ್ಪಲ್ಲ. ಅದಕ್ಕೆ ಉತ್ತರವೂ ಇದೆ.

ಪೂರ್ತಿ ಪ್ರಜ್ಞೆ ತಪ್ಪಿಸಿ ಆಪರೇಷನ್ ಮಾಡುವಾಗ ರೋಗಿಯ ಉಸಿರಿನ ಹೊಣೆ ಅರಿವಳಿಕೆ ಡಾಕ್ಟರ ಮೇಲೆ ಬೀಳುತ್ತದೆ. ಶ್ವಾಸಕೋಶದಲ್ಲಿ ಸೋಂಕು, ನೀರು ಇದ್ದರೆ, ಹೃದಯ ಸೋತಿದ್ದರೆ, ಅದು ಅವರಿಗೆ ಮೊದಲೇ ಗೊತ್ತಿರಬೇಕು. ಎಕ್ಸ್‌ರೇ ಬರೆಸಿದ್ದು ಅದಕ್ಕೇ. ಆದರೆ ಎಲ್ಲರಿಗೂ ಬೇಕೇ? ಲೆಕ್ಕ ಬೇರೆಯೇ ಹೇಳುತ್ತದೆ.

ಸಾವಿರಕ್ಕೆ ಒಂದು!

1979ರಲ್ಲಿ ಬ್ರಿಟನ್ನಿನ ರೇಡಿಯಾಲಜಿ ಡಾಕ್ಟರುಗಳ ಕಾಲೇಜು ಒಂದು ದೊಡ್ಡ ವರದಿ ಕೊಟ್ಟಿತು. ಹೃದಯ, ಶ್ವಾಸಕೋಶದ ಆಪರೇಷನ್ ಬಿಟ್ಟು ಉಳಿದ ಆಪರೇಷನ್ನಿಗೆ ಬಂದ 10,619 ರೋಗಿಗಳ ಲೆಕ್ಕ ಅದು. ಒಂದು ಕಡೆ ನೂರರಲ್ಲಿ ಹನ್ನೆರಡು ಜನಕ್ಕೆ ಎಕ್ಸ್‌ರೇ ತೆಗೆದರೆ, ಇನ್ನೊಂದು ಕಡೆ ಐವತ್ತನಾಲ್ಕು ಜನಕ್ಕೆ. ಒಂದೇ ದೇಶ, ಒಂದೇ ವಿದ್ಯೆ, ಪದ್ಧತಿ ಮಾತ್ರ ಊರಿಗೊಂದು! ಹೀಗೆ ವಾಡಿಕೆಯಾಗಿ ತೆಗೆಸಿದ್ದರಿಂದ ಪ್ರಯೋಜನವಾಯಿತು ಎಂಬುದಕ್ಕೆ ಪುರಾವೆ ಸಿಗಲಿಲ್ಲ.

1993ರಲ್ಲಿ ಕೆನಡಾದವರು ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದರು. ಸಾವಿರ ಫೋಟೋ ತೆಗೆದರೆ ನೂರರಲ್ಲಿ ಏನೋ ಒಂದು ವ್ಯತ್ಯಾಸ. ಆ ನೂರರಲ್ಲಿ ಮೊದಲೇ ಊಹಿಸದೆ ಇದ್ದದ್ದು ಹದಿಮೂರು. ಅದರಿಂದ ಚಿಕಿತ್ಸೆಯೇ ಬದಲಾದದ್ದು ಒಂದೇ ಒಂದು. 2016ರಲ್ಲಿ ಬ್ರಿಟನ್ನಿನ ಮಾರ್ಗಸೂಚಿ ಕಡ್ಡಿ ಮುರಿದಂತೆ ಹೇಳಿತು: ಆಪರೇಷನ್ನಿಗೆ ಮುಂಚೆ ಎಲ್ಲರಿಗೂ ವಾಡಿಕೆಯಾಗಿ ಎದೆಯ ಎಕ್ಸ್‌ರೇ ಬೇಡ.

ಒಂದು ಫೋಟೋ ತೆಗೆಸಿದರೆ ಗಂಟೇನು ಹೋಗುತ್ತೆ ಅನ್ನಬಹುದು. ಕಿರಣದ ಹೆದರಿಕೆ ಅಷ್ಟಿಲ್ಲ, ಅದು ಬಹಳ ಕಮ್ಮಿ. ಕಾಟ ಇರುವುದು ನೆರಳಿನದು. ಎಂದೋ ಬಂದು ವಾಸಿಯಾದ ಕ್ಷಯದ ಗಾಯದ ಗುರುತು ಫಿಲ್ಮಿನಲ್ಲಿ ಬಿಳಿಯಾಗಿ ಕಾಣುತ್ತದೆ. ಹಗ್ಗ ಕಂಡು ಹಾವು ಅಂದ ಹಾಗೆ, ಸಿ.ಟಿ. ಮಾಡಿಸಿ, ಇನ್ನೊಬ್ಬ ಡಾಕ್ಟರಿಗೆ ತೋರಿಸಿ ಅನ್ನುವುದರಲ್ಲಿ ಆಪರೇಷನ್ ತಾರೀಖು ಮುಂದಕ್ಕೆ ಹೋಗುತ್ತದೆ. ಹರ್ನಿಯಾ ಮಾತ್ರ ಹಾಗೇ ಇರುತ್ತದೆ.

ಹಾಗಾದರೆ ಯಾರಿಗೆ ಬೇಕು?

ಹೊಸದಾಗಿ ಕೆಮ್ಮು, ದಮ್ಮು, ಕಫದಲ್ಲಿ ರಕ್ತ, ಜ್ವರ, ಎದೆನೋವು ಇದ್ದವರಿಗೆ ಬೇಕು. ಹೃದಯದ ಅಥವಾ ಶ್ವಾಸಕೋಶದ ಕಾಯಿಲೆ ಇದ್ದವರಿಗೆ, ಅದರಲ್ಲೂ ಈಚೆಗೆ ಅದು ಜಾಸ್ತಿಯಾಗಿದ್ದರೆ, ಬೇಕಾಗುತ್ತದೆ. ಸ್ಟೆತೊಸ್ಕೋಪು ಇಟ್ಟಾಗ ಡಾಕ್ಟರಿಗೆ ಅನುಮಾನ ಬಂದರೆ ಬೇಕೇ ಬೇಕು. ಐವತ್ತು ದಾಟಿದವರಿಗೆ ಎದೆ ಅಥವಾ ಮೇಲುಹೊಟ್ಟೆಯ ದೊಡ್ಡ ಆಪರೇಷನ್ ಇದ್ದರೆ ಎಕ್ಸ್‌ರೇಯಿಂದ ಉಪಯೋಗವಾಗಬಹುದು ಎಂದು ಅಮೆರಿಕದ ವೈದ್ಯರ ಕಾಲೇಜು 2006ರಲ್ಲಿ ಹೇಳಿತು. ಇದ್ಯಾವುದೂ ಇಲ್ಲದೆ, ಬೆಳಿಗ್ಗೆ ಮೂಟೆ ಹೊತ್ತು, ಮೆಟ್ಟಿಲು ಹತ್ತಿ ಇಳಿಯುವ ಮೂವತ್ತರ ಆಳಿಗೆ ಕಣ್ಣಿನ ಪೊರೆಗೋ ಸಣ್ಣ ಗಡ್ಡೆಗೋ ಆಪರೇಷನ್ ಅಂದರೆ, ಎದೆ ಫೋಟೋಗೆ ಕಾರಣ ಹುಡುಕುವುದು ಕಷ್ಟ.

ನಮ್ಮ ದೇಶದ ಮಾತು ಬೇರೆ?

ಇಲ್ಲೊಂದು ತೊಡಕಿದೆ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ನಮ್ಮ ದೇಶದವರು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ತುಮಕೂರು ಜಿಲ್ಲೆಯಲ್ಲಿ ಮನೆಮನೆಗೆ ಹೋಗಿ ರೋಗಿಗಳನ್ನು ಮಾತಾಡಿಸಿ 1963ರಲ್ಲಿ ವರದಿ ಬರೆದರು. ಬಹುಪಾಲು ರೋಗಿಗಳಿಗೆ ತಮ್ಮ ಕೆಮ್ಮು, ಜ್ವರದ ಅರಿವಿತ್ತು. ಅರ್ಧದಷ್ಟು ಜನ ಆಗಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು. ಅಂದರೆ ಬಾಯಿಬಿಟ್ಟು ಕೇಳಿದರೆ ಎಷ್ಟೋ ರೋಗ ಸಿಗುತ್ತದೆ. ಆದರೆ 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆ ಇನ್ನೊಂದು ಮಗ್ಗುಲು ತೋರಿಸಿತು. ಎಕ್ಸ್‌ರೇ ಇಲ್ಲದಿದ್ದರೆ ನೂರರಲ್ಲಿ ನಲವತ್ತೆರಡು ಕ್ಷಯರೋಗಿಗಳು ಕಣ್ಣು ತಪ್ಪಿಸಿಕೊಳ್ಳುತ್ತಿದ್ದರು!

ಹಾಗಂತ ಎರಡನ್ನೂ ಕಲಸಬಾರದು. ಕ್ಷಯ ಹುಡುಕುವ ಫೋಟೋ ಬೇರೆ, ಆಪರೇಷನ್ ಚೀಟಿಯಲ್ಲಿ ಅಭ್ಯಾಸಬಲದಿಂದ ಬರೆಯುವ ಫೋಟೋ ಬೇರೆ. ಮನೆಯಲ್ಲಿ ಕ್ಷಯರೋಗಿ ಇದ್ದರೆ, ಸಕ್ಕರೆ ಕಾಯಿಲೆ ಇದ್ದರೆ, ಡಾಕ್ಟರು ಎಕ್ಸ್‌ರೇ ಬರೆಯಲು ಕಾರಣ ಇದೆ. ಆ ಕಾರಣ ರೋಗಿಗೂ ಗೊತ್ತಾಗಲಿ ಅಷ್ಟೆ.

ನೀವು ಮಾಡಬೇಕಾದ್ದು

ವೈದ್ಯರ ಹತ್ತಿರ, ವಕೀಲರ ಹತ್ತಿರ ಸುಳ್ಳು ಹೇಳಬಾರದು ಅಂತ ಹಿರಿಯರು ಹೇಳಿದ್ದು ಸುಮ್ಮನಲ್ಲ. ಎಷ್ಟು ಬೀಡಿ, ಎಷ್ಟು ದಿನದ ಕೆಮ್ಮು, ಎಷ್ಟು ಮೆಟ್ಟಿಲಿಗೆ ಏದುಸಿರು, ಎಲ್ಲ ಹೇಳಿ. ಎರಡು ವಾರ ದಾಟಿದ ಕೆಮ್ಮಿದ್ದರೆ ಆಪರೇಷನ್ ಇರಲಿ ಬಿಡಲಿ, ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ಕಾಸಿಲ್ಲ. ಆರು ತಿಂಗಳೊಳಗೆ ತೆಗೆಸಿದ ಎಕ್ಸ್‌ರೇ ಮನೆಯಲ್ಲಿದ್ದರೆ ಜೊತೆಗೆ ಒಯ್ಯಿರಿ, ಹೊಸದು ಬೇಡವಾಗಬಹುದು. ಹಳೆಯ ಫಿಲ್ಮನ್ನೂ ಎಸೆಯಬೇಡಿ. ನೆರಳು ಹೊಸದೋ ಹಳೆಯದೋ ಅಂತ ಹೇಳುವುದು ಅದೇ. ಬಸುರಿ ಹೆಂಗಸರು ಎಕ್ಸ್‌ರೇ ಕೋಣೆಗೆ ಹೋಗುವ ಮೊದಲೇ ತಿಳಿಸಬೇಕು.

ಇನ್ನು ಚೀಟಿ ಕೈಗೆ ಬಂದಾಗ ಜಗಳ ಬೇಡ. "ಡಾಕ್ಟ್ರೇ, ನನಗೆ ಇದು ಯಾಕೆ ಬೇಕು?" ಅಂತ ಮೆಲ್ಲಗೆ ಕೇಳಿ. "ನಿಮ್ಮ ಎದೆಯಲ್ಲಿ ಶಬ್ದ ಕೇಳಿಸ್ತು" ಅಂದರೆ ಮರುಮಾತಾಡದೆ ತೆಗೆಸಿ. "ಎಲ್ಲರಿಗೂ ಬರೀತೀವಿ" ಅಂದರೆ, ಅದು ಕಾರಣವಲ್ಲ ಸ್ವಾಮಿ, ಬರೀ ರೂಢಿ.