ಕತ್ತಲೆಕಾನಿನಲ್ಲಿ ರಾಮಪತ್ರೆ ಹೂವಿನ ಬೆನ್ನುಹತ್ತಿ

ಜೋಗ ನೋಡಿ, ಮಾವಿನಗುಂಡಿ ದಾಟಿ ಹೊನ್ನಾವರಕ್ಕೆ ಇಳಿಯುವವರು ಮಲೆಮನೆ ಘಟ್ಟದಲ್ಲಿ ಗಾಡಿ ನಿಲ್ಲಿಸುವುದು ಅಪರೂಪ. ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿಗೆ ಸೇರಿದ ಕತ್ತಲೆಕಾನು ಇರುವುದು ಇಲ್ಲೇ. ಬೇಸಿಗೆಯಲ್ಲೂ ಬತ್ತದ ಹಳ್ಳಗಳ ಪಕ್ಕದ ಜೌಗಿನಲ್ಲಿ ಕಾಡುಜಾಯಿಕಾಯಿ ಕುಟುಂಬದ ಮರಗಳು ಬೇರೂರಿವೆ. ಕೆಲವು ಜಾತಿಗಳ ಬೇರು ಮಡಚಿದ ಮೊಣಕಾಲಿನಂತೆ ಕೆಸರಿನಿಂದ ಮೇಲೆದ್ದು ಉಸಿರಾಡುತ್ತದೆ. ಕ್ಯಾಮೆರಾದ ಟ್ರೈಪಾಡ್ ಊರುವ ಮೊದಲು ಈ ಬೇರುಗಳನ್ನು ನೋಡಿಕೊಳ್ಳಬೇಕು. ಅವಕ್ಕೆ ಪೆಟ್ಟಾದರೆ ಮರಕ್ಕೇ ಪೆಟ್ಟು.

ಇಲ್ಲಿಗೆ ಕ್ಯಾಮೆರಾ ಹಿಡಿದು ಬರುವವರಲ್ಲಿ ಹೆಚ್ಚಿನವರಿಗೆ ಸಿಂಗಳೀಕ ಬೇಕು, ಇಲ್ಲವೇ ಮಂಗಟ್ಟೆ ಬೇಕು. ನನ್ನ ಮಟ್ಟಿಗೆ ಕಾನಿನ ನಿಜವಾದ ಚಿತ್ರ ಇದೇ ಕಾಡುಜಾಯಿಕಾಯಿ ಕುಟುಂಬದ ರಾಮಪತ್ರೆಯ ಹೂ. ಎಲೆಗಳ ಕಂಕುಳಲ್ಲಿ ಅದು ಅರಳುತ್ತದೆ. ಗಂಡು ಹೂ ಹೆಚ್ಚುಕಡಿಮೆ ಕಾಳುಮೆಣಸಿನ ಗಾತ್ರ. ದಳಗಳೇ ಇಲ್ಲ, ಮಾಸಲು ಬಿಳುಪಿನ ಪುಟ್ಟ ಗಡಿಗೆ, ಅದರ ಬಾಯಲ್ಲಿ ಮೂರು ಸೀಳು, ಹೊರಮೈಗೆ ರೇಷ್ಮೆಯಂಥ ನವಿರು ರೋಮ. ಒಳಗೆ ಕೇಸರಗಳೆಲ್ಲ ಒಂದೇ ಕಂಬವಾಗಿ ಕೂಡಿಕೊಂಡಿರುತ್ತವೆ. ಆ ಕಿರುಬಾಯಿಯಲ್ಲಿ ನುಸುಳಬಲ್ಲ ಸಣ್ಣ ಕೀಟಗಳೇ ಪರಾಗ ಸಾಗಿಸಬೇಕು.

ಹೆಣ್ಣು ಹೂವಿನದು ಬೇರೆಯದೇ ಮರ. ಅದು ಗಂಡು ಹೂವಿಗಿಂತ ತುಸು ದೊಡ್ಡದು, ಸಂಖ್ಯೆಯಲ್ಲಿ ಬಹಳ ಕಡಿಮೆ. ಹೂವಿಲ್ಲದ, ಕಾಯಿಯಿಲ್ಲದ ಕಾಲದಲ್ಲಿ ತೊಗಟೆ, ಎಲೆ ನೋಡಿ ಯಾವುದು ಗಂಡು, ಯಾವುದು ಹೆಣ್ಣು ಎಂದು ಹೇಳಲಾಗದು. ಹಾಗಾಗಿ ಹೂವಿನ ಒಂದು ಸ್ಪಷ್ಟ ಚಿತ್ರ, ಜೊತೆಗೆ ಆ ಮರ ಇರುವ ಜಾಗದ ಗುರುತು, ಇವೆರಡೂ ಇದ್ದರೆ ಅದು ಕಾಡಿಗೆ ಉಪಯೋಗವಾಗುವ ದಾಖಲೆ. ಸುತ್ತಲಿನ ಗಂಡು ಮರಗಳು ಉರುಳಿದರೆ ಹೆಣ್ಣು ಮರ ಎಷ್ಟೇ ಸೊಂಪಾಗಿದ್ದರೂ ಬರಡು.

ಚಿತ್ರ ತೆಗೆಯುವುದು ಮಾತ್ರ ಸುಲಭವಲ್ಲ. ಹೂ ಇರುವುದು ತಲೆಯೆತ್ತಿದರೂ ಕಾಣದ ಎತ್ತರದಲ್ಲಿ. ಮೊದಲು ನೆಲ ನೋಡಬೇಕು: ಉದುರಿದ ಗಂಡು ಹೂಗಳು ತರಗೆಲೆಯ ಮೇಲೆ ಚೆಲ್ಲಿಕೊಂಡಿದ್ದರೆ ಮರ ಸಿಕ್ಕಿತು. ಆಮೇಲೆ ಇಳಿಜಾರಿನ ಮೇಲ್ಬದಿಗೆ ಹತ್ತಿದರೆ ಕೆಳಗಿನ ಮರದ ಕೊಂಬೆ ಕೆಲವೊಮ್ಮೆ ಕಣ್ಣಿನ ಮಟ್ಟಕ್ಕೇ ಬರುತ್ತದೆ. ನೇರ ಫ್ಲ್ಯಾಶ್ ಹಾಕಿದರೆ ರೋಮದ ನವಿರು ಅಳಿಸಿಹೋಗುತ್ತದೆ. ಮ್ಯಾಕ್ರೋ ಲೆನ್ಸ್ ಹಾಕಿ, ಬಿಳಿ ಹಾಳೆಯಿಂದ ಒಂದಿಷ್ಟು ಬೆಳಕು ತಿರುಗಿಸಿಕೊಂಡು, ಗಾಳಿ ನಿಲ್ಲುವವರೆಗೆ ಕಾಯುವುದೇ ದಾರಿ. ಕೊಂಬೆ ಬಗ್ಗಿಸುವುದು, ಮುರಿಯುವುದು ಬೇಡವೇ ಬೇಡ. ಹೆಣ್ಣು ಕೊಂಬೆ ಮುರಿದರೆ ಹೋಗುವುದು ಮಂಗಟ್ಟೆಯ ಊಟ. ಬಿರಿದ ಕಾಯೊಳಗೆ ಬೀಜವನ್ನು ಸುತ್ತಿಕೊಂಡ ಪತ್ರೆಗಾಗಿಯೇ ಅದು ಬರುತ್ತದೆ, ಬೀಜವನ್ನು ದೂರಕ್ಕೆ ಒಯ್ಯುತ್ತದೆ. ಬೀಜಕ್ಕೂ ತಾಳ್ಮೆಯಿಲ್ಲ, ಒಣಗಿದರೆ ಮೊಳೆಯುವ ಶಕ್ತಿ ಬೇಗ ಕಳೆದುಕೊಳ್ಳುತ್ತದೆ. ತೇವ ಆರದ ನೆಲ ಇದಕ್ಕೆ ಅಷ್ಟು ಮುಖ್ಯ. ಘಟ್ಟದ ಇಂಥ ಎಷ್ಟೋ ಜೌಗುಗಳು ಹಿಂದೆಯೇ ಗದ್ದೆ, ಅಡಿಕೆ ತೋಟಗಳಾಗಿವೆ.

ಈ ಕಾನು ಇನ್ನೂ ಏನನ್ನು ಅಡಗಿಸಿಕೊಂಡಿದೆಯೋ! ಗೇರಿನ ಕುಟುಂಬದ ಒಂದು ಮರ ವಿಜ್ಞಾನಕ್ಕೆ ಹೊಸದೆಂದು ಪ್ರಕಟವಾದದ್ದು 2000ದಲ್ಲಿ. ಅದಕ್ಕೆ ಈ ಜಾಗದ ಹೆಸರನ್ನೇ ಇಟ್ಟು ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದರು.

ಹೋಗುವುದಾದರೆ ಮಳೆ ಹಿಡಿಯುವ ಮೊದಲೇ ಹೋಗಬೇಕು. ಆಮೇಲೆ ಉಂಬಳದ ಕಾಟ. ಕಾಡೊಳಗೆ ಇಳಿಯಲು ಅರಣ್ಯ ಇಲಾಖೆಯ ಅನುಮತಿ ಪಡೆದು, ಹಳ್ಳದ ಜಾಡು ಬಲ್ಲ ಸ್ಥಳೀಯರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಯಾವ ಮರ ಈ ವರ್ಷ ಹೂ ಬಿಟ್ಟಿದೆ ಎಂಬುದು ಅವರಿಗೆ ಗೊತ್ತಿರುತ್ತದೆ.