ಪನೀರಿನ ಬಜ್ಜಿಯೂ ಮನೆಯ ಹಾಲೂ

ನಂಜನಗೂಡಿನ ದೊಡ್ಡ ಜಾತ್ರೆಗಾಗಲಿ, ತಿರುಮಕೂಡಲು ನರಸೀಪುರ ತಾಲ್ಲೂಕಿನ ಮುಡುಕುತೊರೆಯ ದನಗಳ ಜಾತ್ರೆಗಾಗಲಿ ಹೋದವರು ಬಜ್ಜಿಯನ್ನು ತಿನ್ನದೆ ಹಿಂದಿರುಗುವುದು ಅಪೂರ್ವ. ಈರುಳ್ಳಿ, ಬಾಳೆಕಾಯಿಗಳ ಬಜ್ಜಿಯೊಡನೆ ಈಗ ಪನೀರಿನ ಬಜ್ಜಿಯೂ ಬಳಕೆಗೆ ಬಂದಿದೆ. ಇದು ಕೇವಲ ನಾಲಗೆಯ ಚಪಲವೋ, ದೇಹಪುಷ್ಟಿಗೂ ಸಹಾಯಕವೋ ಎಂಬುದನ್ನು ವಿಚಾರಮಾಡುವುದು ಯುಕ್ತವಾಗಿದೆ.

ಕುದಿಸಿದ ಹಾಲಿಗೆ ನಿಂಬೆಯ ರಸವನ್ನು ಹಿಂಡಿ, ಒಡೆದ ಹಾಲನ್ನು ಬಟ್ಟೆಯಲ್ಲಿ ಸೋಸಿ, ಭಾರವಿಟ್ಟು ಒತ್ತಿದರೆ ಪನೀರ್ ಸಿದ್ಧವಾಗುವುದು. ಒಂದು ಲೀಟರು ಹಸುವಿನ ಹಾಲಿಗೆ ಸುಮಾರು 150ರಿಂದ 180 ಗ್ರಾಂ ದೊರೆಯುವುದು. ಎಮ್ಮೆಯ ಹಾಲಿಗೆ ಇನ್ನೂ ಹೆಚ್ಚು. 100 ಗ್ರಾಂ ಪನೀರಿನಲ್ಲಿ ಸುಮಾರು 18 ಗ್ರಾಂ ಪ್ರೋಟೀನೂ, 20 ಗ್ರಾಂಗೆ ಕಡಮೆಯಿಲ್ಲದ ಕೊಬ್ಬೂ, ಎಲುಬು ಹಲ್ಲುಗಳನ್ನು ಬಲಪಡಿಸುವ ಸುಣ್ಣದಂಶವೂ ಇರುತ್ತವೆ. ಹಾಲಿನ ಸಕ್ಕರೆಯು ಬಹುಪಾಲು ತಿಳಿನೀರಿನೊಡನೆ ಹೊರಟುಹೋಗುವುದರಿಂದ, ಹಾಲು ಕುಡಿದರೆ ಹೊಟ್ಟೆಯುಬ್ಬರಿಸುವವರಲ್ಲಿ ಅನೇಕರಿಗೆ ಪನೀರ್ ಒಗ್ಗುವುದು. ಆ ತಿಳಿನೀರನ್ನು ಚೆಲ್ಲದೆ ರೊಟ್ಟಿಯ ಹಿಟ್ಟು ಕಲಸಲು ಉಪಯೋಗಿಸತಕ್ಕದ್ದು. ಪನೀರಿನಲ್ಲಿ ಕಬ್ಬಿಣದ ಅಂಶವು ಅತ್ಯಲ್ಪವಾದಕಾರಣ ಸೊಪ್ಪು, ಕಾಳು, ರಾಗಿಗಳನ್ನು ಬಿಡಲಾಗದು.

ಕರಿದ ಮಾತ್ರಕ್ಕೆ ಪ್ರೋಟೀನು ನಷ್ಟವಾಗದು. ಕಡಲೆಹಿಟ್ಟಿನಿಂದ ಅದು ಸ್ವಲ್ಪ ಹೆಚ್ಚುವುದೂ ಉಂಟು. ಆದರೆ ಹಿಟ್ಟು ಎಣ್ಣೆಯನ್ನು ಹೀರುತ್ತದೆ. ಒಂದು ಗ್ರಾಂ ಎಣ್ಣೆಯಲ್ಲಿ 9 ಕ್ಯಾಲೊರಿಗಳಷ್ಟು ಶಕ್ತಿಯಿದೆ. ಗದ್ದೆಯಲ್ಲಿ ದಿನವಿಡೀ ದುಡಿಯುವವನು ಅದನ್ನು ಅರಗಿಸಿಕೊಂಡಾನು. ಜಗಲಿಯಲ್ಲಿ ಕುಳಿತು ಲೆಕ್ಕ ನೋಡುವ ಯಜಮಾನರಿಗೆ ಅದು ಹೊರೆಯೇ ಸರಿ. ಪನೀರಿನ ಹೋಳುಗಳನ್ನು ಕಾವಲಿಯ ಮೇಲೆ ಒಂದು ಚಮಚ ಎಣ್ಣೆಯಲ್ಲಿ ಹೊರಳಿಸಿ ಬೇಯಿಸಿದರೆ ರುಚಿಯೂ ಉಳಿಯುವುದು, ಎಣ್ಣೆಯೂ ಉಳಿಯುವುದು. ಕರಿದ ಎಣ್ಣೆಯನ್ನು ಪುನಃ ಪುನಃ ಕಾಯಿಸುವುದು ಸರ್ವಥಾ ಕೂಡದು.

ಇನ್ನು ಮುಖ್ಯವಾದ ಮಾತು. ಈ ಎರಡು ತಾಲ್ಲೂಕುಗಳ ಸಹಕಾರ ಸಂಘಗಳ ಹಾಲು ಮೈಸೂರು ಹಾಲು ಒಕ್ಕೂಟವನ್ನು ಸೇರುತ್ತದೆ. ಆ ಹಣದಿಂದ ಅನೇಕ ಸಂಸಾರಗಳು ನಡೆಯುತ್ತಿವೆ. ಹಾಲು ಮಾರುವುದು ತಪ್ಪಲ್ಲ. ಆದರೆ ಕರೆದ ಹಾಲೆಲ್ಲವನ್ನೂ ಡೇರಿಗೆ ಅಳೆದು, ಮನೆಯ ಮಕ್ಕಳಿಗೆ ನೀರುಮಜ್ಜಿಗೆಯನ್ನು ಮಾತ್ರ ಉಳಿಸುವುದು ವಿವೇಕವಲ್ಲ. ವಾರಕ್ಕೊಂದು ದಿನ ಒಂದು ಲೀಟರನ್ನು ಮನೆಯಲ್ಲಿಯೇ ಇಟ್ಟುಕೊಂಡರೆ ಐವರಿಗೆ ತಲಾ 30 ಗ್ರಾಂ ಪನೀರ್, ಎಂದರೆ ಸುಮಾರು 5 ಗ್ರಾಂ ಪ್ರೋಟೀನು ದೊರೆಯುವುದು. ಉಳಿದ ದಿನಗಳಲ್ಲಿ ಮಕ್ಕಳ ಪಾಲಿನ ಹಾಲನ್ನು ಮೊದಲು ತೆಗೆದಿಟ್ಟು, ಅನಂತರ ಡೇರಿಯ ಪಾತ್ರೆಯನ್ನು ತುಂಬತಕ್ಕದ್ದು.

ಗ್ರಾಮದ ಯಜಮಾನರೂ ಜಮೀನುದಾರರೂ ಈ ಕ್ರಮವನ್ನು ಮೊದಲು ತಮ್ಮ ಮನೆಗಳಲ್ಲಿ ಆಚರಿಸಿ, ತಮ್ಮ ಆಳುಕಾಳುಗಳ ಮಕ್ಕಳಿಗೂ ಅದರ ಪ್ರಯೋಜನ ದೊರೆಯುವಂತೆ ಮಾಡಿದರೆ ಊರಿಗೆ ದೊಡ್ಡ ಉಪಕಾರವಾಗುವುದು.