ಮಾತು ಕೇಳಿಸುವ ಧ್ವನಿವರ್ಧಕ

ದೀಪಾವಳಿಯ ಬೋನಸ್ ಕೈಸೇರುವ ದಿನಗಳಲ್ಲಿ ಹೊಸೂರಿನ ಅನೇಕ ಕುಟುಂಬಗಳು ಅತ್ತಿಬೆಲೆಯ ಗಡಿ ದಾಟಿ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಿಗೆ ಹೋಗುತ್ತವೆ. ಹಳೆಯ ಸ್ಪೀಕರ್ ಪೆಟ್ಟಿಗೆಗಳನ್ನು ಬದಲಿಸುವುದೂ ಅಂಥ ಪ್ರಯಾಣದ ಉದ್ದೇಶಗಳಲ್ಲೊಂದು. ಮಾರಾಟಗಾರನು ಮೊದಲು ಹಾಕಿ ತೋರಿಸುವುದು ಎದೆಗೆ ಬಂದು ಬಡಿಯುವ ಸಿನಿಮಾ ಹಾಡನ್ನು. ಮಕ್ಕಳು ಕುಣಿಯುತ್ತಾರೆ, ತಂದೆ ಹಣ ಎಣಿಸುತ್ತಾನೆ. ಮನೆಗೆ ಬಂದು ಆಕಾಶವಾಣಿಯ ಪ್ರದೇಶ ಸಮಾಚಾರ ಹಾಕಿದರೆ ವಾರ್ತೆ ಓದುವವರ ಧ್ವನಿ ಮಡಕೆಯೊಳಗಿನಿಂದ ಬಂದಂತಿರುತ್ತದೆ.

ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳಿರುವ ಮನೆಗೆ ಇದು ಸಣ್ಣ ನಷ್ಟವಲ್ಲ. ಹೊಸೂರು, ತಳಿ, ಡೆಂಕಣಿಕೋಟೆ, ಬಾಗಲೂರುಗಳಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಮಗುವಿನ ಕಿವಿಗೆ ಒಟ್ಟಿಗೆ ಬೀಳುತ್ತವೆ. ತಮಿಳು ಲಿಪಿಯಲ್ಲಿ ಅಲ್ಪಪ್ರಾಣ, ಮಹಾಪ್ರಾಣಗಳಿಗೆ ಪ್ರತ್ಯೇಕ ಅಕ್ಷರಗಳಿಲ್ಲ. ಕನ್ನಡದಲ್ಲಿ ಇವೆ, ಪರೀಕ್ಷೆಯ ಉಕ್ತಲೇಖನದಲ್ಲಿ ಅವುಗಳಿಗೆ ಅಂಕವೂ ಇದೆ. ಶಿಕ್ಷಕರ ಬಾಯನ್ನು ಬಿಟ್ಟರೆ ಗಡಿನಾಡಿನ ಮಗುವಿಗೆ ಶಿಷ್ಟ ಕನ್ನಡದ ಉಚ್ಚಾರಣೆ ಹೆಚ್ಚಾಗಿ ದೊರೆಯುವುದು ಬಾನುಲಿಯಿಂದ, ಧ್ವನಿಮುದ್ರಿತ ಕಥೆ ಮತ್ತು ಭಾವಗೀತೆಗಳಿಂದ. ಆದ್ದರಿಂದ ಇಂಥ ಮನೆಯವರು ಸ್ಪೀಕರನ್ನು ಮಾತಿನಿಂದ ಅಳೆಯುವುದು ಲೇಸು.

ಸ್ವರಾಕ್ಷರಗಳ ಬಲವೆಲ್ಲ ಬಹುಮಟ್ಟಿಗೆ 3,000 ಹರ್ಟ್ಸ್‌ನ ಒಳಗಿರುತ್ತದೆ. ಸಕಾರದ ಸೀಳುಧ್ವನಿಯ ಬಲ 4,000 ಹರ್ಟ್ಸ್‌ಗಿಂತ ಮೇಲೆ. ಶಕಾರದ್ದು ಅದಕ್ಕಿಂತ ತುಸು ಕೆಳಗೆ. ಮಹಾಪ್ರಾಣವೆಂದರೆ ಕ್ಷಣಮಾತ್ರದ ಉಸಿರು. ಅಂಗಡಿಯಲ್ಲಿ ಮೆಚ್ಚಿಸುವ ಬಾಸ್ ಇರುವುದು ಸುಮಾರು 100 ಹರ್ಟ್ಸ್‌ನ ಆಸುಪಾಸಿನಲ್ಲಿ. ಅದನ್ನು ಉಬ್ಬಿಸಿದ ಪೆಟ್ಟಿಗೆಯಲ್ಲಿ ‘ಶಾಲೆ’ ಯಾವುದು, ‘ಸಾಲೆ’ ಯಾವುದು ತಿಳಿಯದು. ಸಾಧಾರಣ ಕೋಣೆಗೆ ಐದು ಅಥವಾ ಆರೂವರೆ ಅಂಗುಲದ ವೂಫರ್, ಒಂದು ಅಂಗುಲದ ಟ್ವೀಟರ್ ಇರುವ ಜೋಡಿ ಸಾಕು. ಕೆಲವು ಅಗ್ಗದ ಪೆಟ್ಟಿಗೆಗಳಲ್ಲಿ ಟ್ವೀಟರ್‌ನಂತೆ ಹೊಳೆಯುವುದು ಬರಿಯ ಅಲಂಕಾರದ ಬಿಲ್ಲೆಯಾಗಿರುವುದುಂಟು. ಹಾಡು ಬರುತ್ತಿರುವಾಗ ಅದರ ಬಳಿ ಕಿವಿಯಿಟ್ಟರೆ ಗುಟ್ಟು ಹೊರಬೀಳುತ್ತದೆ.

ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾಗುವ ‘ಪಿಎಂಪಿಒ’ ಸಾವಿರಗಳನ್ನು ನಂಬಬೇಕಾಗಿಲ್ಲ. ನಿರಂತರವಾಗಿ ಸಿಗುವ ಶಕ್ತಿಯನ್ನು ಹೇಳುವುದು ಆರ್‌ಎಂಎಸ್ ವ್ಯಾಟ್. ಅದಕ್ಕಿಂತಲೂ ಉಪಯುಕ್ತವಾದ ಅಂಕಿ ಸಂವೇದನಾಶಕ್ತಿ, ಅಂದರೆ ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಎಂಬುದು. ವ್ಯಾಟನ್ನು ಇಮ್ಮಡಿಸಿದರೆ ಹೆಚ್ಚುವುದು ಕೇವಲ 3 ಡೆಸಿಬಲ್. ಹಾಗಾಗಿ 86 ಡೆಸಿಬಲ್‌ನ ಸ್ಪೀಕರ್ ಮಾಡುವ ಸದ್ದನ್ನು 89 ಡೆಸಿಬಲ್‌ನದು ಅರ್ಧ ಶಕ್ತಿಯಲ್ಲೇ ಮಾಡುತ್ತದೆ. ಹಳೆಯ ಆಂಪ್ಲಿಫೈಯರನ್ನೇ ಉಳಿಸಿಕೊಳ್ಳುವವರು ಅದರ ಹಿಂಬದಿಯ ಬರಹವನ್ನು ನೋಡಿ ಹೊರಡಬೇಕು. 8 ಓಮ್‌ಗೆ ಮಾತ್ರ ಹೊಂದುವ ಯಂತ್ರಕ್ಕೆ 4 ಓಮ್‌ನ ಸ್ಪೀಕರ್ ಕಟ್ಟಿದರೆ ಅದು ಕಾಯುತ್ತದೆ, ಸುಟ್ಟುಹೋಗಲೂಬಹುದು.

ಅಂಗಡಿಗೆ ಹೋಗುವಾಗ ಮೊಬೈಲಿನಲ್ಲಿ ಒಂದು ಕನ್ನಡ ವಾರ್ತೆ, ಒಂದು ಭಾವಗೀತೆ, ಮನೆಯ ಮಗು ಪಾಠ ಓದಿದ ಧ್ವನಿಮುದ್ರಣ ಇವುಗಳನ್ನು ಒಯ್ಯುವುದು ಒಳ್ಳೆಯದು. ಮಗುವಿನ ಧ್ವನಿ ತಾಯಿಗೆ ಗೊತ್ತಿರುವಷ್ಟು ಯಾವ ಮಾಪಕಕ್ಕೂ ಗೊತ್ತಿರದು. ಬಾಸ್, ಟ್ರೆಬಲ್ ಗುಂಡಿಗಳನ್ನು ನಡುವಿಗಿರಿಸಿ, ಸದ್ದನ್ನು ತಗ್ಗಿಸಿ ಕೇಳಬೇಕು. ತಗ್ಗಿದ ಸದ್ದಿನಲ್ಲೂ ಪದಾಂತ್ಯಗಳು ಬಿಡಿಬಿಡಿಯಾಗಿ ಕೇಳಿಸಿದರೆ ಆ ಜೋಡಿ ಯೋಗ್ಯ. ಎರಡನ್ನು ಹೋಲಿಸುವಾಗ ಸದ್ದಿನ ಮಟ್ಟ ಸಮನಾಗಿರಲಿ. ತುಸು ಜೋರಾಗಿರುವುದೇ ಉತ್ತಮವೆಂದು ಕಿವಿ ಮೋಸಹೋಗುತ್ತದೆ, ಮಾರುವವರಿಗೆ ಈ ಮರ್ಮ ಚೆನ್ನಾಗಿ ತಿಳಿದಿದೆ.

ಆರ್‌ಸಿಸಿ ಚಾವಣಿ, ಟೈಲ್ಸ್ ನೆಲ, ಬರಿಯ ಗೋಡೆಗಳ ಕೋಣೆಯಲ್ಲಿ ಎಂಥ ಸ್ಪೀಕರ್ ಆದರೂ ಪ್ರತಿಧ್ವನಿಯಲ್ಲಿ ಕಲಸಿಹೋಗುತ್ತದೆ. ಒಂದು ಜಮಖಾನ, ದಪ್ಪ ಪರದೆ, ಪುಸ್ತಕದ ಬೀರು ಇದ್ದರೆ ಅರ್ಧ ಕೆಲಸ ಆದಂತೆ. ಮೂಲೆಗೆ ತಳ್ಳಿದ ಪೆಟ್ಟಿಗೆ ಗುಮ್ಮೆನ್ನುತ್ತದೆ. ಟ್ವೀಟರ್ ಕುಳಿತವರ ಕಿವಿಯ ಎತ್ತರಕ್ಕಿರಬೇಕು.

ಇಷ್ಟಾಗಿಯೂ ಬಾನುಲಿ ಮಂಕಾಗಿದ್ದರೆ ದೋಷ ಸ್ಪೀಕರಿನದಾಗಿರಲಾರದು. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್‌ನ ಮಧ್ಯಮತರಂಗವನ್ನು ಸಾಮಾನ್ಯ ರೇಡಿಯೊದಲ್ಲಿ ಕೇಳುವಾಗ ಸುಮಾರು 5,000 ಹರ್ಟ್ಸ್‌ನಿಂದಾಚೆಯ ಧ್ವನಿ ಉಳಿಯುವುದಿಲ್ಲ. ಎಫ್‌ಎಂನಲ್ಲಿ 15,000 ಹರ್ಟ್ಸ್‌ವರೆಗೂ ಬರುತ್ತದೆ. ಹೊಸೂರಿಗೆ ಬೆಂಗಳೂರು ಸುಮಾರು 40 ಕಿಲೋಮೀಟರ್; 101.3 ಮೆಗಾಹರ್ಟ್ಸ್‌ನ ಪ್ರಸಾರ ಕರಕರ ಎನ್ನುವ ಕಡೆ ಮಾಳಿಗೆಯ ಮೇಲೊಂದು ಆಂಟೆನಾ ನಿಲ್ಲಿಸಿ ನೋಡಬಹುದು.

ಕಾನೂನಿನ ಎರಡು ಮಾತುಗಳಿವೆ. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬಲ್. ಖಾಸಗಿ ಧ್ವನಿಯಂತ್ರದ ಸದ್ದು ಮನೆಯ ಎಲ್ಲೆಯಲ್ಲಿ ಈ ಮಿತಿಯನ್ನು 5 ಡೆಸಿಬಲ್‌ಗಿಂತ ಹೆಚ್ಚು ಮೀರಕೂಡದು. ಪಕ್ಕದ ಮನೆಯಲ್ಲಿ ಹತ್ತನೆಯ ತರಗತಿಯ ಮಗುವಿದ್ದರೆ ನಿಯಮ ನೆನಪಿಸುವವರೂ ಬೇಕಾಗಿಲ್ಲ.

ಇನ್ನೊಂದು, ಬಿಲ್ಲು. ಗಡಿಯಾಚೆ ಕೊಂಡ ವಸ್ತು ಕೆಟ್ಟರೆ ಬೆಂಗಳೂರಿಗೆ ಅಲೆಯಬೇಕೆಂದು ಹಲವರು ಸುಮ್ಮನಾಗುತ್ತಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ 34ನೆಯ ಕಲಮು ಗ್ರಾಹಕನು ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಲು ಅವಕಾಶ ಕೊಟ್ಟಿದೆ. ಹೊಸೂರಿನವರಿಗೆ ಅದು ಕೃಷ್ಣಗಿರಿ. ಕಾಲಮಿತಿ ಎರಡು ವರ್ಷ. ಮಾದರಿಯ ಸಂಖ್ಯೆ, ಆರ್‌ಎಂಎಸ್ ವ್ಯಾಟ್, ಓಮ್, ವಾರಂಟಿಯ ಅವಧಿ ಇಷ್ಟನ್ನೂ ಬಿಲ್ಲಿನಲ್ಲೇ ಬರೆಸಿಕೊಂಡು ಬಸ್ಸು ಹತ್ತಬೇಕು.